ಮೂರೂವರೆಗೆ ಮುಂಚೆ, ಯಾರು ಕೇಳಿದರೂ

‘ದಿನದ ನಷ್ಟ ಮಿತಿ ಮುಟ್ಟಿದ ಕ್ಷಣ ಫೋನು ಪೆಟ್ಟಿಗೆಗೆ ಹೋಗಬೇಕು. ಪೆಟ್ಟಿಗೆಯ ಬೀಗ ಮಧ್ಯಾಹ್ನ ಮೂರೂವರೆಗೆ ಮುಂಚೆ ತೆಗೆಯಕೂಡದು, ಯಾರು ಕೇಳಿದರೂ.’

ಹೌದು ರಂಗಕ್ಕ, ಗೋಡೆ ಮೇಲಿರೋ ಆ ರಟ್ಟು ನಾನೇ ಬರೆದದ್ದು. ಅಕ್ಷರ ನನ್ನದೇ. ‘ಯಾರು ಕೇಳಿದರೂ’ ಅನ್ನೋದರ ಕೆಳಗೆ ಕೆಂಪು ಇಂಕಿನಲ್ಲಿ ಎರಡು ಗೆರೆ ಎಳೆದವನೂ ನಾನೇ. ನೀವು ಹಾಗೆ ಬೆರಳು ಮಾಡಿ ತೋರಿಸಬೇಕಾಗಿಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವನು ನಾನು, ನನ್ನ ರೂಲು ನನಗೆ ಮರೆತಿಲ್ಲ. ಆದರೆ ನಾನು ಕೇಳ್ತಿರೋದು ಬೀಗ ತೆಗೀರಿ ಅಂತಲ್ಲ. ಒಂದು ಮಾತು. ಒಂದೇ ಒಂದು ಮಾತು...

ಮಿಷನ್ ಒಂದು ನಿಮಿಷ ನಿಲ್ಲಿಸ್ತೀರಾ? ಆ ಟಕಟಕದಲ್ಲಿ ನನ್ನ ಮಾತು ನನಗೇ ಕೇಳಿಸ್ತಿಲ್ಲ.

ಥ್ಯಾಂಕ್ಸ್.

ನೋಡಿ, ಗಂಗಲಕ್ಷ್ಮಿ ತವರಿಂದ ಶಿರಾ ಬಸ್ಸಲ್ಲಿ ಬರ್ತಿದ್ದಾಳೆ. ಮೂರು ಕಾಲಿಗೆ ಇಳೀತಾಳೆ. ಇಳಿದವಳು ಮನೆಗೆ ಹೋಗಲ್ಲ, ನೇರ ಇಲ್ಲಿಗೇ ಬರ್ತಾಳೆ, ನಿಮ್ಮ ಅಂಗಡಿಗೆ. ಬ್ಲೌಸಿಗಲ್ಲ! ಬ್ಲೌಸಾಗಿದ್ದಿದ್ದರೆ ನಾನ್ಯಾಕೆ ಇಲ್ಲಿ ಬಂದು ನಿಮ್ಮ ಮುಂದೆ ಹೀಗೆ ನಿಂತ್ಕೋತಿದ್ದೆ? ಅವಳು ನಿಮ್ಮನ್ನ ಒಂದು ಪ್ರಶ್ನೆ ಕೇಳ್ತಾಳೆ. ‘ರಂಗಕ್ಕ, ಮಂಗಳವಾರ ನಮ್ಮನೆಯವರ ಫೋನು ಪೆಟ್ಟಿಗೇಲಿ ಇತ್ತಾ?’ ಅಂತ. ನೀವು ಹೇಳಬೇಕಾದ್ದು ಇಷ್ಟು: ‘ಇತ್ತು ಕಣಮ್ಮ, ಆದರೆ ಒಂದು ಗಂಟೆಗೆ ಮೇಷ್ಟ್ರು ಬಲವಂತ ಮಾಡಿದ್ರು, ತೆಗೆದು ಕೊಟ್ಬುಟ್ಟೆ.’ ಅಷ್ಟೇ. ‘ಬಲವಂತ’ ಅನ್ನೋದನ್ನ ಬಿಡಬೇಡಿ. ನನ್ನ ಮೇಲೂ ಒಂದು ಪಾಲು ಇರಲಿ. ಪೂರ್ತಿ ನಿಮ್ಮ ತಲೆಗೆ ಕಟ್ಟೋಷ್ಟು ನೀಚ ಅಲ್ಲ ನಾನು.

ಯಾಕೆ ನಗ್ತೀರಿ?

ನಗಲಿಲ್ಲವಾ. ಸರಿ. ಹಲ್ಲಲ್ಲಿ ದಾರ ಕಚ್ಚಿದ್ದಿರಿ, ನನಗೆ ನಗು ಅನ್ನಿಸ್ತು.

ಅಂದಹಾಗೆ ನಿಮ್ಮ ಗಡಿಯಾರ ಎರಡು ನಿಮಿಷ ಮುಂದಿದೆ. ಎಷ್ಟು ಸಲ ಹೇಳಿದ್ದೀನಿ ಸರಿ ಮಾಡಿಸಿ ಅಂತ...

ಆಯ್ತು, ವಿಷಯಕ್ಕೆ ಬರ್ತೀನಿ. ಇದು ಪೂರ್ತಿ ಸುಳ್ಳೂ ಅಲ್ಲ ರಂಗಕ್ಕ, ಅದನ್ನ ನೀವು ಅರ್ಥ ಮಾಡ್ಕೋಬೇಕು. ಮಂಗಳವಾರ ಏನಾಯ್ತು ಹೇಳಿ? ನೀವು ಒಂದು ಗಂಟೆಗೆ ಊಟಕ್ಕೆ ಎದ್ದಿರಿ. ಹಿಂದಿನ ನಲ್ಲಿಗೆ ಕೈ ತೊಳೆಯೋಕೆ ಹೋದಿರಿ. ಕೀಲಿಯನ್ನ ಗುಂಡಿ ಡಬ್ಬದಲ್ಲಿ ಬಿಟ್ಟು ಹೋಗಿದ್ದಿರಿ. ನಾನು ಮೆಟ್ಟಿಲಿಳಿದು ಬಂದೆ, ನೋಡಿದೆ, ತೆಗೆದೆ. ತಪ್ಪು ನನ್ನದೇ, ಒಪ್ಪಿದೆ. ಆದರೆ ಕೀಲಿ ಹಾಗೆ ಬಿಟ್ಟು ಹೋಗೋದು ಅಂದರೆ ಕೊಟ್ಟ ಹಾಗೇ ಅಲ್ಲವಾ? ಪರೀಕ್ಷೆ ಹಾಲಿನಲ್ಲಿ ಉತ್ತರ ಪತ್ರಿಕೆ ಮೇಜಿನ ಮೇಲೆ ಬಿಟ್ಟು ಹೋದ ಮೇಷ್ಟ್ರಿಗೂ ಮೆಮೋ ಕೊಡ್ತಾರೆ. ಕೊಡಲೇಬೇಕು.

ಏನದು? ಕೊರಳ ದಾರ ಯಾಕೆ ತೋರಿಸ್ತೀರಿ? ಕೀಲಿ ಯಾವಾಗಲೂ ಅಲ್ಲೇ ಇರುತ್ತೆ ಅಂತಲಾ? ಇರುತ್ತೆ, ಬಲ್ಲೆ, ಮಲಗುವಾಗಲೂ ಬಿಚ್ಚಲ್ಲ ಅಂತ ನೀವೇ ಹೇಳಿದ್ದಿರಿ. ಆದರೆ ಆವತ್ತು... ಆವತ್ತು ಒಂದು ದಿನ ಮರೆತಿರಬಹುದು. ಮನುಷ್ಯರಲ್ಲವಾ ನೀವು? ಮರೆಯೋಲ್ಲವಾ?

ಸರಿ. ಸರಿ. ನೀರಿದೆಯಾ ಸ್ವಲ್ಪ?

ಈ ರೂಲು ಯಾಕೆ ಬಂತು ಅಂತ ನಿಮಗೆ ಗೊತ್ತಿರಲಿ. ಬರೀ ಪೆಟ್ಟಿಗೆ ಕಾದಿರಿ, ಒಳಗಿನ ಸಂಗತಿ ನಿಮಗೆ ಯಾರೂ ಹೇಳಲಿಲ್ಲ. ಮೇಲಿನ ರೂಮಿನಲ್ಲಿ ನಾವು ನಾಲ್ಕು ಜನ ಪ್ರತಿ ಮಂಗಳವಾರ ಕೂತು ಮಾಡ್ತಿದ್ದದ್ದು ಆಪ್ಷನ್ ಟ್ರೇಡಿಂಗು. ಅದೊಂದು ಚೀಟಿ ಅಂದ್ಕೊಳ್ಳಿ. ಮಾರ್ಕೆಟ್ ಏರುತ್ತೆ ಅಂತ ಒಂದು ಚೀಟಿ, ಬೀಳುತ್ತೆ ಅಂತ ಇನ್ನೊಂದು. ನೀವಂದ್ಕೊಂಡ ಹಾಗೆ ಆದರೆ ಚೀಟಿಗೆ ಬೆಲೆ. ಆಗಲಿಲ್ಲ, ಮಂಗಳವಾರ ಮಧ್ಯಾಹ್ನ ಮೂರೂವರೆಗೆ ಅದು ಸೊನ್ನೆ. ಮುಹೂರ್ತ ಮುಗಿದ ಮೇಲೆ ಮದುವೆ ಬ್ಲೌಸು ಹೊಲಿದುಕೊಟ್ಟರೆ ಯಾರಿಗೆ ಬೇಕು? ಹಾಗೆ. ಬಟ್ಟೆ ಚೆನ್ನಾಗಿದೆ, ಹೊಲಿಗೆ ಚೆನ್ನಾಗಿದೆ, ಹೊತ್ತು ಮೀರಿದೆ.

ಅದರಲ್ಲಿ ದುಡ್ಡು ಕಳ್ಕೊಳ್ಳೋದು ದಡ್ಡರಲ್ಲ ರಂಗಕ್ಕ. ಸೋತ ಮೇಲೆ ಏಳದವರು. ಬೆಳಗ್ಗೆ ಮೂರು ಸಾವಿರ ಹೋಯ್ತು ಅನ್ನಿ, ಅದನ್ನ ಅಲ್ಲಿಗೇ ಬಿಟ್ಟು ಎದ್ದರೆ ಮೂರೇ ಸಾವಿರ. ಏಳಲ್ಲ! ಕೈ ಏಳೋಕೆ ಬಿಡಲ್ಲ. ವಾಪಸ್ ತಗೋತೀನಿ ಅಂತ ಇನ್ನೊಂದು ಚೀಟಿ, ಅದು ಅಗ್ಗ ಆಯ್ತು ಅಂತ ಇನ್ನೂ ನಾಲ್ಕು. ಅದಕ್ಕೇ ನಾನು ನಾಲ್ಕು ಮಾತು ಬೋರ್ಡಿನ ಮೇಲೆ ಬರೆಸಿದ್ದೆ, ಮೇಲೆ ಹೋಗಿ ನೋಡಿ, ಇನ್ನೂ ಅಳಿಸಿಲ್ಲ. ನೂರಕ್ಕೆ ಎರಡಕ್ಕಿಂತ ಹೆಚ್ಚು ಒಂದು ಸಲಕ್ಕೆ ಹೂಡಬಾರದು. ಬೀಳ್ತಿರೋದನ್ನ ಅಗ್ಗ ಅಂತ ಮತ್ತೆ ಕೊಳ್ಳಬಾರದು. ಇಷ್ಟಕ್ಕೆ ಬಂದರೆ ಹೊರಗೆ ಅಂತ ಕೊಳ್ಳೋಕೆ ಮುಂಚೆಯೇ ಬರೆದಿಟ್ಟುಕೊಳ್ಳಬೇಕು. ಇನ್ನೊಬ್ಬರ ದುಡ್ಡು... ಇನ್ನೊಬ್ಬರ ದುಡ್ಡನ್ನ ಮುಟ್ಟಲೇಬಾರದು.

ಎಲ್ಲ ಬರೆದೆವು. ಆದರೆ ಬರೆದದ್ದು ಕೈಯನ್ನ ಹಿಡಿಯಲ್ಲ. ಅದು ನನಗೆ ಮೊದಲ ತಿಂಗಳೇ ಗೊತ್ತಾಯ್ತು. ಅದಕ್ಕೆ ಪೆಟ್ಟಿಗೆ. ಬಸವಲಿಂಗಯ್ಯ ಶಿರಾದಿಂದ ತನ್ನ ಕಡಲೆಕಾಯಿ ಮಂಡಿಯ ಹಳೇ ಗಲ್ಲಾಪೆಟ್ಟಿಗೆ ಹೊತ್ತುಕೊಂಡು ಬಂದ, ನಾನು ಬೀಗ ತಂದೆ. ಕೀಲಿ ಯಾರ ಹತ್ತಿರ? ನಮ್ಮಲ್ಲಿ ಯಾರ ಹತ್ತಿರ ಇದ್ದರೂ ಇನ್ನೊಬ್ಬ ಕಾಡಿ ಇಸ್ಕೋತಾನೆ. ಆಗ ಗಂಗಲಕ್ಷ್ಮಿ ಹೇಳಿದಳು. ಹೌದು, ಅವಳೇ ಹೇಳಿದ್ದು, ನಿಮಗೆ ಗೊತ್ತಿರಲಿಲ್ಲವಾ? ‘ಕೆಳಗಿನ ರಂಗಕ್ಕನ ಕೈಗೆ ಕೊಡಿ. ಇಪ್ಪತ್ತು ವರ್ಷದಿಂದ ಅವಳ ಹತ್ತಿರ ಬಟ್ಟೆ ಹೊಲಿಸ್ತೀನಿ, ಒಂದು ತುಂಡು ಬಟ್ಟೆ ಉಳಿದರೂ ವಾಪಸ್ ಮಡಚಿ ಕೊಡ್ತಾಳೆ. ಅವಳ ಹತ್ತಿರ ಪೆಟ್ಟಿಗೆ ಇರೋದಾದರೆ ನೀವು ಟ್ರೇಡಿಂಗ್ ಮಾಡಿ, ಇಲ್ಲದಿದ್ದರೆ ಬೇಡ’ ಅಂತ.

ಆ ಷರತ್ತಿನ ಮೇಲೇ ನಾನು ಇಷ್ಟು ದಿನ...

ಆಮೇಲೆ ಏನಾಯ್ತು ನೀವೇ ನೋಡಿದಿರಿ. ಎಲ್ಲರೂ ಮುರಿದರು! ಒಬ್ಬೊಬ್ಬರು ಒಂದೊಂದು ತರ. ಬಸವಲಿಂಗಯ್ಯ ಮಿತಿ ದಾಟಿದರೂ ಬಾಯಿ ಬಿಡ್ತಿರಲಿಲ್ಲ. ‘ಇನ್ನೂ ಹಿಸಾಬು ಮುಟ್ಟಿಲ್ಲ ಸಾ, ಖಾಲಿ ಎರಡು ಸಾವಿರ ಹೋಗೈತೆ’ ಅಂತ. ಸ್ಕ್ರೀನ್ ತೋರಿಸು ಅಂದರೆ ಕನ್ನಡಕ ಒರೆಸ್ತಾ ಕೂರೋನು. ಪಾವಗಡದ ಅರುಣ ಫೋನು ನಿಮ್ಮ ಪೆಟ್ಟಿಗೆಗೆ ಹಾಕಿ, ಬಸ್ ಸ್ಟ್ಯಾಂಡಿನ ಬೇಕರಿಗೆ ಓಡಿ ಅಲ್ಲಿಂದ ಹೆಂಡತಿಗೆ ಫೋನ್ ಮಾಡೋನು. ‘ಒಕ್ಕಸಾರಿ ನನ್ನ ಅಕೌಂಟು ಓಪನ್ ಮಾಡು, ಆ ಕೆಂಪಗಿರೋದನ್ನ ಒತ್ತು’ ಅಂತ! ಆ ಹೆಣ್ಣುಮಗಳು ಅನ್ನಕ್ಕಿಟ್ಟು ಬಂದು ಕೆಂಪಗಿರೋದನ್ನ ಒತ್ತಿದಳು, ಪಾಪ, ಅದು ಬೇರೆ ಕೆಂಪು.

ಈಗ ನಗಿ. ನಗಬಹುದು. ನಾನೂ ಆವತ್ತು ನಕ್ಕಿದ್ದೆ, ಬೈದಾದ ಮೇಲೆ.

ಮತ್ತೆ ಗೋಪಾಲ...

ಚನ್ನರಾಯನದುರ್ಗದ ಗೋಪಾಲ. ಕುರಿ ವ್ಯಾಪಾರದವನು. ನಮ್ಮಲ್ಲಿ ನಿಜವಾಗಿ ಬುದ್ಧಿ ಇದ್ದವನು ಅವನೊಬ್ಬನೇ, ನಾನು ಎಂದೂ ಬಾಯಿಬಿಟ್ಟು ಹೇಳಲಿಲ್ಲ. ‘ಸಾ, ಮೇವು ಬಿಟ್ಟ ಕುರಿನಾ ಆವತ್ತೇ ಸಂತೆಗೆ ಹೊಡ್ಕೊಂಡೋಯ್ತೀನಿ, ನಾಳೆಗೆ ಸರಿಹೋದಾತು ಅಂತ ಇಟ್ಕೊಂಡ್ರೆ ಮಂದೆನೇ ಹೋಯ್ತದೆ. ಇದೂ ಅಂಗೇ ಅಲ್ವಾ?’ ಅಂದಿದ್ದ. ಸ್ಟಾಪ್ ಲಾಸ್, ಅಂದರೆ ನಷ್ಟ ಇಷ್ಟಕ್ಕೇ ಸಾಕು ಅಂತ ಎದ್ದುಬಿಡೋದು, ಅದರ ಮೇಲೆ ನಾನು ಎರಡು ಗಂಟೆ ಪಾಠ ಮಾಡಿದ್ದನ್ನ ಅವನು ಒಂದು ಉಸಿರಲ್ಲಿ ಹೇಳಿ ಬೀಡಿ ಸೇದೋಕೆ ಎದ್ದುಹೋದ. ಅಂಥವನೂ ಒಂದು ಮಂಗಳವಾರ ನಿಮ್ಮ ಮುಂದೆ ಕಣ್ಣಲ್ಲಿ ನೀರು ತಂದುಕೊಂಡು ನಿಂತ. ಮಗಳಿಗೆ ಹುಷಾರಿಲ್ಲ, ಅರ್ಜೆಂಟ್ ಮನೆಗೆ ಫೋನ್ ಮಾಡಬೇಕು, ಬೀಗ ತೆಗಿಯಕ್ಕ ಅಂತ. ನೀವು ಏನು ಮಾಡಿದಿರಿ? ನಿಮ್ಮ ಫೋನನ್ನ ಅವನ ಕೈಗೆ ಕೊಟ್ಟಿರಿ. ‘ತಗಳಪ್ಪ, ಇದ್ರಾಗೆ ಮಾಡು’ ಅಂತ. ಅವನು ಫೋನು ಹಿಡ್ಕೊಂಡು ಕಂಬದ ಹಾಗೆ ನಿಂತುಬಿಟ್ಟ! ನಂಬರು ನೆನಪಿಲ್ಲ. ಮನೆಗೆ ಮಾಡೋ ಉದ್ದೇಶ ಇದ್ದರೆ ತಾನೇ ನಂಬರು ನೆನಪಾಗೋದು?

ಆವತ್ತು ನಿಮ್ಮನ್ನ ನಾನು ಎಲ್ಲರ ಮುಂದೆ ಹೊಗಳಿದೆ. ಶಿಸ್ತು ಅಂದರೆ ರಂಗಕ್ಕನ ಹತ್ತಿರ ಕಲೀರಿ ಅಂದೆ.

ಅದಾಗಿ ತಿಂಗಳಿಗೆ ಗೋಪಾಲನ ಪಂಚೆ ಮಡಿಕೆಯಿಂದ ಇನ್ನೊಂದು ಫೋನು ಬಿತ್ತಲ್ಲ, ಈ ಮೆಟ್ಟಿಲ ಮೇಲೆ... ಒಂದನ್ನ ಪೆಟ್ಟಿಗೆಗೆ ಹಾಕಿ ಇನ್ನೊಂದರಲ್ಲಿ ಆಡ್ತಿದ್ದ. ನಾನು ಏನೆಂದೆ ನೆನಪಿದೆಯಾ? ನೀವು ಇಲ್ಲೇ ಕೂತು ಕೇಳಿಸ್ಕೊಂಡಿರಿ. ‘ಸೋತವನಿಗೆ ನನ್ನ ರೂಮಲ್ಲಿ ಜಾಗ ಇದೆ, ಕಳ್ಳನಿಗಿಲ್ಲ. ಗೆಟ್ ಔಟ್’ ಅಂದೆ. ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ಮೂರು ಮಕ್ಕಳ ತಂದೆ. ಅವನು ‘ತಪ್ಪಾಯ್ತು ಸಾ, ಇನ್ನೊಂದು ದಪ ನೋಡಿ ಸಾ’ ಅಂತ ನಾಲ್ಕು ಸಲ ಅಂದ. ನಾನು ಬಾಗಿಲು ಮುಚ್ಚಿದೆ. ಬಾಗಿಲು ಮುಚ್ಚಿ ಒಳಗೆ ಹೋಗಿ ಬೋರ್ಡಿನ ಮೇಲೆ ‘ಡಿಸಿಪ್ಲಿನ್’ ಅಂತ ದೊಡ್ಡದಾಗಿ ಬರೆದೆ.

ಯಾಕೆ ಹಾಗೆ ನೋಡ್ತೀರಿ? ಮಾಡಿದ್ದು ಸರಿಯಲ್ಲವಾ? ರೂಲು ಅಂದರೆ ರೂಲು.

ಏನಾದರೂ ಅನ್ನಿ ರಂಗಕ್ಕ. ಬೈಯಿರಿ ಬೇಕಾದರೆ. ನೀವು ಹೀಗೆ ಸುಮ್ಮನೆ ಕಾಜಾ ಹಾಕ್ತಾ ಕೂತರೆ ನನಗೆ...

ದುಡ್ಡು ಯಾರದು ಅಂತ ಕೇಳ್ತಿದ್ದೀರಾ? ಕೇಳಲಿಲ್ಲ, ಆದರೆ ಕಣ್ಣು ಕೇಳ್ತಿದೆ. ಹೇಳ್ತೀನಿ. ಅತ್ತೆಯದು. ಚಿಕ್ಕಲಕ್ಷ್ಮಮ್ಮನವರು, ಹೋದ ವರ್ಷ ಇಲ್ಲಿಗೂ ಬಂದಿದ್ದರಲ್ಲ, ನಿಮ್ಮ ಈ ಸ್ಟೂಲಿನ ಮೇಲೇ ಕೂತು ಏಳೋಕೆ ಆಗದೆ ನಿಮ್ಮ ಹೆಗಲು ಹಿಡಿದು ಎದ್ದರಲ್ಲ, ಅವರದು. ಎರಡೂ ಮಂಡಿ ಚಿಪ್ಪು ಬದಲಾಯಿಸಬೇಕು. ಸೋಮವಾರ ತುಮಕೂರಲ್ಲಿ ಆಪರೇಶನ್ನು. ಎರಡು ಲಕ್ಷ ಎಂಬತ್ತು ಸಾವಿರ. ಗಂಗಲಕ್ಷ್ಮಿಯ ತಮ್ಮ ದುಡ್ಡು ತಂದು ನನ್ನ ಅಕೌಂಟಿಗೇ ಹಾಕಿದ. ‘ನನ್ನ ಹತ್ರ ಇದ್ರೆ ಖರ್ಚಾಗ್ಬುಡ್ತದೆ ಭಾವ, ನೀವು ಕರಾರುವಾಕ್ಕು ಮನುಷ್ಯ, ನಿಮ್ಮತ್ರ ಇರ್ಲಿ’ ಅಂದ.

ಕರಾರುವಾಕ್ಕು.

ಇಲ್ಲ. ಇಲ್ಲ ರಂಗಕ್ಕ, ಏನೂ ಉಳಿದಿಲ್ಲ. ಒಂಬತ್ತು ಸಾವಿರ ಚಿಲ್ಲರೆ.

ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ನನ್ನ ಮಿತಿ ಮುಟ್ಟಿತ್ತು, ಅದು ನಿಜ. ನಾನು ಎದ್ದೆ. ಎಲ್ಲರೂ ನೋಡ್ತಿದ್ದ ಹಾಗೇ ಕೆಳಗೆ ಬಂದು ಫೋನು ನಿಮ್ಮ ಕೈಗೆ ಕೊಟ್ಟೆ. ಅದನ್ನಂತೂ ನೀವು ಇಲ್ಲ ಅನ್ನೋಕಾಗಲ್ಲ. ಬಸವಲಿಂಗಯ್ಯ ಮೆಟ್ಟಿಲ ಮೇಲಿಂದ ‘ಸಾರು ಅಂದ್ರೆ ಸಾರು ಕಣ್ಲಾ’ ಅಂತ ಅರುಣನಿಗೆ ಹೇಳಿದ. ಅದೂ ನಿಮಗೆ ಕೇಳಿಸಿರಬೇಕು. ಹನ್ನೊಂದರಿಂದ ಒಂದರ ತನಕ ನಾನು ಸುಮ್ಮನೆ ಕೂತಿದ್ದೆ. ಮಾರ್ಕೆಟ್ ಮಾತ್ರ ಏರ್ತಾನೇ ಇತ್ತು, ಕಾರಣ ಇಲ್ಲದೆ. ನನಗೆ ಕಾಣ್ತಿತ್ತು ರಂಗಕ್ಕ, ಇದು ಬೀಳಲೇಬೇಕು, ಗಣಿತದ ಪ್ರಕಾರ ಬೀಳಲೇಬೇಕು. ಬೀಳುತ್ತೆ ಅನ್ನೋ ಚೀಟಿ ನಲವತ್ತು ರೂಪಾಯಿಗೆ ಸಿಗ್ತಿತ್ತು. ಕೊಂಡೆ. ಇಪ್ಪತ್ತೆರಡಕ್ಕೆ ಬಂತು, ಅಗ್ಗ ಅಂತ ಮತ್ತೆ ಕೊಂಡೆ. ಒಂಬತ್ತಕ್ಕೆ ಬಂತು... ಬಿಸಿಲು, ಟಾರಸಿ ಮೇಲೆ ಸ್ಕ್ರೀನ್ ಕಾಣ್ತಿರಲಿಲ್ಲ, ನೀರಿನ ಟ್ಯಾಂಕಿನ ನೆರಳಲ್ಲಿ ಕುಕ್ಕರಗಾಲಲ್ಲಿ ಕೂತು, ಟವೆಲ್ ತಲೆ ಮೇಲೆ ಹಾಕ್ಕೊಂಡು. ನಾಲ್ಕಕ್ಕೆ ಬಂತು. ಎದುರಿಗೆ ಅಷ್ಟು ದೊಡ್ಡ ಬೆಟ್ಟ, ಒಂದೇ ಕಲ್ಲು, ಅದನ್ನ ನೋಡಿದರೂ ತಲೆ ತಣ್ಣಗಾಗಲಿಲ್ಲ. ಅತ್ತೆಯ ದುಡ್ಡು ಬೆಳಗ್ಗೆ ಹತ್ತಕ್ಕೇ ನಾನು ಟ್ರೇಡಿಂಗ್ ಅಕೌಂಟಿಗೆ ಹಾಕಿದ್ದೆ. ಸುಮ್ಮನೆ, ಇರಲಿ ಅಂತ. ಮುಟ್ಟಲ್ಲ ಅಂತಾನೇ ಹಾಕಿದ್ದು.

ಮೂರೂವರೆಗೆ ಎಲ್ಲ ಸೊನ್ನೆ.

ಒಂದು ನಿಮಿಷ. ಫೋನು... ಅವಳೇ.

ಹಲೋ. ಹಾಂ ಹೇಳು. ಎಲ್ಲಿದ್ದೀಯ? ಊರೊಳಗೆ ಬಂತಾ ಬಸ್ಸು?... ನೀನು ಮನೆಗೆ ಹೋಗು, ನಾನು... ಇಲ್ಲ, ರಂಗಕ್ಕ ಅಂಗಡೀಲಿ ಇಲ್ಲ ಅನ್ಸುತ್ತೆ, ಯಾವುದೋ... ಇದ್ದಾಳಾ? ಯಾರು ಹೇಳಿದ್ದು? ಓ. ಸರಿ. ಸರಿ, ಬಾ.

ಬೇಕರಿಯವನ ಹೆಂಡತಿಗೆ ಫೋನ್ ಮಾಡಿ ಕೇಳಿದ್ದಾಳೆ, ಅಂಗಡಿ ತೆಗೆದಿದೆಯಾ ಅಂತ. ಇನ್ನು ಹತ್ತು ನಿಮಿಷ.

ರಂಗಕ್ಕ, ಒಂದು ಮಾತು ನಿಮಗೆ ಹೇಳಲಿಲ್ಲ ನಾನು. ಬುಧವಾರ ಬೆಳಗ್ಗೆಯೇ ಫೋನಲ್ಲಿ ಅವಳಿಗೆ ಹೇಳಿಬಿಟ್ಟಿದ್ದೀನಿ. ರಂಗಕ್ಕ ಬೀಗ ತೆಗೆದು ಕೊಟ್ಟಳು ಅಂತ. ಬಾಯಿಗೆ ಬಂತು, ಹೇಳಿಬಿಟ್ಟೆ. ದುಡ್ಡು ಹೋಯ್ತು ಅಂದದ್ದಕ್ಕೆ ಅವಳು ಅಳಲಿಲ್ಲ. ‘ರಂಗಕ್ಕ ಕೊಟ್ಟಳಾ? ನಾನು ನಂಬಲ್ಲ. ಬಂದು ಅವಳನ್ನೇ ಕೇಳ್ತೀನಿ’ ಅಂದಳು. ಮೂವತ್ತು ವರ್ಷ ಸಂಸಾರ ಮಾಡಿದ ಗಂಡನ ಮಾತು ಬಿಟ್ಟು ನಿಮ್ಮ ಮಾತು ಕೇಳೋಕೆ ಬಸ್ಸು ಹತ್ತಿದ್ದಾಳೆ!

ನಿಮಗೇನು ಹೋಗುತ್ತೆ ಹೇಳಿ? ನನಗೆ ಹೋಗೋದು ಎಷ್ಟು ನೋಡಿ. ಶಾಲೆಯಲ್ಲಿ ಒಂದು ಮಾರ್ಕು ಹೆಚ್ಚಿಗೆ ಹಾಕದ ಪ್ರಸನ್ನ ಕುಮಾರ್ ಮೇಷ್ಟ್ರು ಅಂತ ಊರೆಲ್ಲ ಅನ್ನುತ್ತೆ. ಹೆಡ್ ಮಾಸ್ಟರ ಮಗನನ್ನೇ ಫೇಲ್ ಮಾಡಿದವನು ನಾನು. ಪೆಟ್ಟಿಗೆಯ ವಿಷಯದಲ್ಲೂ ಹಾಗೇ ಇದ್ದೆ. ಉಳಿದವರ ಫೋನುಗಳು ಪೆಟ್ಟಿಗೆಯಲ್ಲಿ ಗುಂಯ್ ಗುಂಯ್ ಅಂತ ಒದ್ದಾಡೋವು, ನೀವೇ ಬೈತಿದ್ದಿರಿ, ಇದೇನು ಜೀರುಂಡೆ ಹಿಡಿದು ತುಂಬಿದೀರ ಅಂತ. ನನ್ನದು ಒಂದು ದಿನ ಸದ್ದು ಮಾಡಿತ್ತಾ? ಇಡೋ ಮುಂಚೆ ನಾನು ಅದರ ಬಾಯಿ ಕಟ್ಟಿಯೇ ಇಡ್ತಿದ್ದೆ. ಅದೂ ಶಿಸ್ತೇ.

ಎದ್ದಿರಾ? ಎಲ್ಲಿಗೆ? ಹೋಗಬೇಡಿ, ಅವಳು ಬರೋ ಹೊತ್ತು... ಓ, ಬಗ್ಗಿದಿರಾ. ಪೆಟ್ಟಿಗೆ ಯಾಕೆ ಎಳೀತೀರಿ? ಇವತ್ತು ಶುಕ್ರವಾರ. ಅದರಲ್ಲಿ ಏನಿರುತ್ತೆ? ಖಾಲಿ ಪೆಟ್ಟಿಗೆ ತೆಗೆದು ತೋರಿಸಿ ಏನು...

ಇದು...

ಇದು ಇಲ್ಲೇ ಇತ್ತಾ? ಮಂಗಳವಾರದಿಂದ?

ಇರಿ. ಇರಿ, ಹೇಳ್ತೀನಿ. ಇದು ನನ್ನ ಫೋನು... ಮಂಗಳವಾರ ಒಂದಕ್ಕೆ ನಾನು ಪೆಟ್ಟಿಗೆಯಿಂದ ತೆಗೆದೆ, ಆಮೇಲೆ ಮೂರೂವರೆಗೆ ಮತ್ತೆ... ಯಾರೂ ನೋಡದೆ ಇದ್ದಾಗ... ಇಲ್ಲ. ಹಾಗಾದರೆ ಈಗ ನನ್ನ ಕೈಯಲ್ಲಿರೋದು...

ಅದನ್ನೊಮ್ಮೆ ಇದನ್ನೊಮ್ಮೆ ಹಾಗೆ ನೋಡಬೇಡಿ ರಂಗಕ್ಕ. ಹೌದು. ಎರಡಕ್ಕೂ ಒಂದೇ ನೀಲಿ ಕವರು. ನಾನೇ ಜೋಡಿ ತಂದದ್ದು, ತುಮಕೂರಿಂದ. ಇಲ್ಲಿ ತಗೊಂಡರೆ ಯಾಕೆ ಎರಡು ಅಂತ ಅಂಗಡಿಯವನು ಕೇಳ್ತಾನೆ ಅಂತ.

ಒತ್ತಿ ನೋಡ್ತೀರಾ? ಹತ್ತಲ್ಲ ಅದು. ಸತ್ತು ಎರಡು ವರ್ಷವಾಯ್ತು. ನೀರಿಗೆ ಬಿದ್ದಿತ್ತು. ಸಿಮ್ಮೂ ಇಲ್ಲ.

ನೀವು ಯಾವಾಗ...? ಮೊದಲಿಂದಲೂ? ಸದ್ದು ಮಾಡ್ತಿರಲಿಲ್ಲ ಅಂತಲೇ ಗೊತ್ತಾಯ್ತಾ? ತಿಂಗಳುಗಟ್ಟಲೆ ಒಂದು ಸಲವೂ ಗುಂಯ್ ಅನ್ನದ ಫೋನು... ಗೊತ್ತಿದ್ದೂ ಇಸ್ಕೊಂಡು ಬೀಗ ಹಾಕ್ತಿದ್ದಿರಿ. ಒಂದು ಮಾತು ಆಡಲಿಲ್ಲ. ಮಾತಾಡೋದು ನಿಮ್ಮ ಕೆಲಸ ಅಲ್ಲ, ನಿಮ್ಮ ಕೆಲಸ ಬೀಗ. ಅಲ್ಲವಾ? ಹಾಗೇ ಅಲ್ಲವಾ ನಾನು ನಿಮಗೆ ಹೇಳಿದ್ದು? ‘ನೀವು ಏನೂ ಕೇಳಬೇಡಿ, ಕೊಟ್ಟದ್ದನ್ನ ಇಡಿ’ ಅಂತ.

ಆವತ್ತು ಮೂರೂವರೆಗೆ ಎಲ್ಲರೂ ಫೋನು ಇಸ್ಕೊಂಡು ಹೋದರು. ನಾನು ಟಾರಸಿಯಿಂದ ಹಿಂದಿನ ಮೆಟ್ಟಿಲಲ್ಲಿ ಇಳಿದು ಹೋದೆ. ಮೂರು ದಿನ ರಂಗಕ್ಕ... ಮೂರು ದಿನ ನನಗೆ ಇದು ನೆನಪೇ ಆಗಲಿಲ್ಲ. ಕೈಯಲ್ಲಿ ಫೋನು ಇದ್ದವನಿಗೆ ಫೋನು ಬಿಟ್ಟು ಬಂದೆ ಅಂತ ಹೇಗೆ ನೆನಪಾಗುತ್ತೆ?

ಗೋಪಾಲ... ಕೇಳಬೇಡಿ. ಕೇಳ್ತಿಲ್ಲ, ಗೊತ್ತು. ನಾನೇ ಹೇಳ್ತೀನಿ. ಅವನನ್ನ ಕಳ್ಳ ಅಂತ ಹೊರಗೆ ಹಾಕಿದ ದಿನ ಇದು ಇಲ್ಲೇ ಇತ್ತು. ಈ ಪೆಟ್ಟಿಗೆಯಲ್ಲೇ. ಅವನ ಫೋನು ಮೆಟ್ಟಿಲ ಮೇಲೆ ಬಿದ್ದಾಗ ನನ್ನದು ಜುಬ್ಬದ ಒಳಜೇಬಿನಲ್ಲಿತ್ತು, ಬಿಸಿಯಾಗಿ. ಅವನು ನಾಲ್ಕು ಸಲ ತಪ್ಪಾಯ್ತು ಅಂದ. ನಾನು ಅಷ್ಟು ಜೋರಾಗಿ ಕೂಗಿದ್ದು ಯಾಕೆ ಅಂತ ನನಗೆ ಆವತ್ತೇ ಗೊತ್ತಿತ್ತು.

ಅವನಿಗೆ ಹೇಳ್ತೀನಿ. ದುರ್ಗಕ್ಕೇ ಹೋಗಿ ಹೇಳ್ತೀನಿ, ಅವನ ಮನೆ ಮುಂದೆ ನಿಂತು. ಆದರೆ ಇವತ್ತಲ್ಲ. ಇವತ್ತು ಒಂದು ದಿನ ರಂಗಕ್ಕ. ಗಂಗಲಕ್ಷ್ಮಿಗೆ ದುಡ್ಡು ಹೋದದ್ದು ಗೊತ್ತು, ಅದನ್ನ ಅವಳು ಸಹಿಸ್ತಾಳೆ. ಒಂದು ದಿನದ ಬುದ್ಧಿಗೇಡಿತನ ಅಂದ್ಕೊಂಡಿದ್ದಾಳೆ. ಇದನ್ನ ನೋಡಿದರೆ... ಜೋಡಿ ಕವರು, ಸತ್ತ ಫೋನು, ಇಷ್ಟು ತಿಂಗಳು... ಅವಳು ಇಟ್ಟ ಒಂದೇ ಒಂದು ಷರತ್ತು...

ಸರಿ, ಸುಳ್ಳು ಹೇಳಬೇಡಿ. ಬಿಟ್ಟೆ. ಆ ಮಾತು ವಾಪಸ್ ತಗೊಂಡೆ. ನೀವು ಏನೂ ಹೇಳಬೇಡಿ, ಹೀಗೇ ಸುಮ್ಮನಿರಿ, ಅದು ನಿಮಗೆ ಬರುತ್ತೆ. ಆ ಫೋನು ಮಾತ್ರ ಕೊಟ್ಟುಬಿಡಿ. ಕೊಡಿ. ಜೇಬಿಗೆ ಹಾಕ್ಕೊಂಡು ಹಿಂದಿನ ಬಾಗಿಲಿಂದ ಹೋಗಿ ಚರಂಡಿಗೆ ಎಸೀತೀನಿ. ಅದು ಫೋನೂ ಅಲ್ಲ ರಂಗಕ್ಕ, ತಗಡು. ನನ್ನದೇ ತಗಡು, ನನಗೇ ಕೊಡೋಕೆ...

ಗೋಡೆ ಯಾಕೆ ನೋಡ್ತೀರಿ?

ರಟ್ಟನ್ನ ನಾನು ಬರೆದದ್ದು! ನಾನೇ ಹೇಳ್ತಿದ್ದೀನಿ, ಇವತ್ತಿಗೆ ಅದು ಅನ್ವಯಿಸಲ್ಲ. ನೀವೇ ಈಗಷ್ಟೇ, ಯಾರೂ ಕೇಳದೆ, ಬೀಗ ತೆಗೆದಿರಲ್ಲ. ಇವತ್ತು ಮಂಗಳವಾರ ಅಲ್ಲ, ಮೇಲೆ ರೂಮಲ್ಲಿ ಯಾರೂ ಇಲ್ಲ. ಈ ಫೋನಲ್ಲಿ ಯಾರೂ ಏನೂ ಕೊಳ್ಳೋಕಾಗಲ್ಲ! ಕೊಡು ಅಂದರೆ ಕೊಡು, ನೀನು ಯಾರು ನನಗೆ...

ಕ್ಷಮಿಸಿ. ನೀವು. ಕ್ಷಮಿಸಿ ರಂಗಕ್ಕ. ಇಷ್ಟು ವರ್ಷದಲ್ಲಿ ಒಂದು ದಿನ ನಿಮ್ಮನ್ನ ಏಕವಚನದಲ್ಲಿ...

ಅಕೋ, ಬೇಕರಿ ತಿರುವಲ್ಲಿ. ನೇರಳೆ ಸೀರೆ. ಅವಳೇ. ಬ್ಯಾಗು ಎಡಗೈಯಿಂದ ಬಲಗೈಗೆ ಬದಲಾಯಿಸಿದಳು. ಅವಳ ಜೊತೆ ಯಾರೂ ಇಲ್ಲ. ಬೇಗ ರಂಗಕ್ಕ. ಕೈ ಮುಗೀತೀನಿ. ಗಂಟೆ ಎಷ್ಟು? ಮೂರೂ ಹದಿನೇಳು. ನಿಮ್ಮ ಗಡಿಯಾರದ ಪ್ರಕಾರವೇ ಆಗಲಿ, ಹತ್ತೊಂಬತ್ತು. ಹನ್ನೊಂದು ನಿಮಿಷದಲ್ಲಿ ಏನು ಮುಳುಗಿ ಹೋಗುತ್ತೆ, ಕೊಡಿ...

ಏನು ಮಾಡ್ತಿದ್ದೀರಿ? ಅದನ್ನ ಯಾಕೆ ಮತ್ತೆ ಒಳಗಿಡ್ತೀರಿ? ಬೇಡ. ಬೀಗ ಹಾಕಬೇಡಿ ರಂಗಕ್ಕ. ರಂಗಕ್ಕ...

ಹಾಕಿಬಿಟ್ಟಿರಿ.

ಕೀಲಿ ಕೊರಳಿಗೆ... ಸೆರಗಿನ ಒಳಗೆ.

ಮತ್ತೆ ಆ ಸ್ಟೂಲು ಯಾಕೆ ಎಳೀತೀರಿ? ಧೂಳು ಒರೆಸ್ತಿದ್ದೀರಿ... ನನಗಾ? ನನಗಲ್ಲ. ಪೆಟ್ಟಿಗೆ ಪಕ್ಕಕ್ಕೇ ಹಾಕಿದಿರಿ. ಗಡಿಯಾರ ಕಾಣೋ ಹಾಗೆ ತಿರುಗಿಸಿ.

ಮೂರೂವರೆ ತನಕ ಅವಳು ಅಲ್ಲೇ ಕೂತಿರಲಿ ಅಂತಲಾ?